ಹಾಡಿನ ಟೀಚರ್ ಯಾಕೆ ಬಿಟ್ಟರು?

ಭಾನುವಾರದ ಪೂಜೆ ಮುಗಿದರೂ ಜನ ಮನೆಗೆ ಹೊರಡಲಿಲ್ಲ. ಚರ್ಚಿನ ಗೇಟಿನ ಹತ್ತಿರ ಗುಂಪುಗುಂಪಾಗಿ ನಿಂತು ಒಂದೇ ಮಾತು: ಹಾಡಿನ ಟೀಚರ್ ಎಲ್ಲಿ? ಇಷ್ಟು ವರ್ಷ ಗಾಯನ ಮಂಡಳಿ ನಡೆಸಿದವರು ದಿಢೀರನೆ ನಾಪತ್ತೆ. "ಇನ್ನು ಮೇಲೆ ಬೇರೆಯವರು ಹಾಡಿಸುತ್ತಾರೆ" ಎಂದಷ್ಟೇ ಫಾದರ್ ಹೇಳಿದ್ದರು. ಕಾರಣ ಕೇಳಿದವರಿಗೆ, "ಅದೆಲ್ಲ ನಿಮಗ್ಯಾಕೆ?" ಎಂದು ಮುಖ ತಿರುಗಿಸಿದ್ದರು. ಫಾದರೇ ಅವರನ್ನು ಓಡಿಸಿರಬೇಕು ಎಂಬ ಮಾತು ಊರಲ್ಲಿ ಹಬ್ಬಿತು.

ಚರ್ಚಿನ ಸುದ್ದಿ ಹೇಳುವ ಚಾನೆಲ್ ಒಂದಿತ್ತು. ನಡೆಸುತ್ತಿದ್ದವನು ಫೋಟೋ ಸ್ಟುಡಿಯೊದವನು. ಎಲ್ಲರೂ ಅವನನ್ನು 'ಸ್ಟುಡಿಯೊ' ಎಂದೇ ಕರೆಯುತ್ತಿದ್ದರು. ಸಂಜೆಯ ಹೊತ್ತಿಗೆ ಅವನ ವಿಡಿಯೊ ಸಿದ್ಧವಾಯಿತು. ಹೆಸರು, 'ಟೀಚರನ್ನು ಹೊರದಬ್ಬಿದ ಫಾದರ್'.

"ಈ ಸಲ ಎಲ್ಲರೂ ನೋಡ್ತಾರೆ ರೀ" ಎಂದಳು ಹೆಂಡತಿ.

ಅವನ ಅಕ್ಕ ಚರ್ಚಿನ ವಾರಪತ್ರಿಕೆಯಲ್ಲಿ ಬಹಳ ಕಾಲ ಕೆಲಸ ಮಾಡಿದವಳು. ಅವಳೂ ಬಗ್ಗಿ ನೋಡಿದಳು.

"ಟೀಚರನ್ನ ಕೇಳಿದ್ಯಾ?"

"ಕೇಳೋದೇನಕ್ಕಾ, ಊರೇ ಹೇಳ್ತಿದೆ."

"ಊರಿಗೆ ಯಾರು ಹೇಳಿದ್ರು?"

ಸ್ಟುಡಿಯೊ ತಲೆ ಕೆರೆದುಕೊಂಡ. "ಫಾದರ್ ಅಂತೂ ಬಾಯಿ ಬಿಡಲ್ಲ. ನಮ್ಮವರು ಅಂತ ಮುಚ್ಚಿಡಬೇಕಾ? ನಿಮ್ಮ ಪತ್ರಿಕೆ ಥರ ಬರೀ ಹೊಗಳಿಕೆಯ ಹೂಮಾಲೆ ಹಾಕ್ತಾ ಕೂರಬೇಕಾ?"

ಅಕ್ಕ ನಕ್ಕುಬಿಟ್ಟಳು. "ಹೂಮಾಲೆ ಜಾಸ್ತೀನೇ ಆಗ್ತಿತ್ತು, ಒಪ್ಪಿದೆ. ಅನ್ಯಾಯ ಆಗಿದ್ರೆ ಮುಚ್ಚಿಡು ಅಂತ ನಾನು ಯಾವತ್ತೂ ಹೇಳಲ್ಲ ಕಣೋ, ನಾವೇ ಮೊದಲು ಹೇಳ್ಬೇಕು. ಆದ್ರೆ ಆಗಿದೆಯೋ ಇಲ್ವೋ ಗೊತ್ತಾಗಬೇಕಲ್ಲ. ನಡಿ, ಟೀಚರ್ ಮನೆ ಏನು ಸಮುದ್ರದಾಚೆ ಇದೆಯಾ?"

ಬಾಗಿಲು ಎಷ್ಟು ತಟ್ಟಿದರೂ ಟೀಚರ್ ಬರಲಿಲ್ಲ. ಕೊನೆಗೆ ಕಿಟಕಿಯ ಮುಂದೆ ನಿಂತು ಕೈ ಬೀಸಿದಾಗ ಎದ್ದು ಬಂದರು.

"ಈ ಕಡೆ ಕೂತ್ಕೊಳ್ಳಿ, ನಿಮ್ಮ ಮುಖ ಕಾಣ್ಲಿ" ಎಂದರು. ವಿಡಿಯೊದ ವಿಷಯ ತಿಳಿದು ಎಲ್ಲ ಹೇಳಿಬಿಟ್ಟರು. "ನನಗೆ ಕಿವಿ ಮಂದ ಆಗ್ತಿದೆಯಪ್ಪ. ಮಕ್ಕಳು ಶ್ರುತಿ ತಪ್ಪಿದ್ರೂ ಗೊತ್ತಾಗಲ್ಲ. ನಾನೇ ಬಿಟ್ಟೆ. ಈ ವಿಷಯ ಹೊರಗೆ ಬಂದ್ರೆ ಮನೆಪಾಠಕ್ಕೂ ಯಾರೂ ಬರಲ್ಲ ಅಂತ ಹೆದರಿ, ಯಾರಿಗೂ ಹೇಳ್ಬೇಡಿ ಅಂತ ಫಾದರ್ ಹತ್ರ ಮಾತು ತಗೊಂಡೆ. ನನ್ನಿಂದ ಅವರು ಬೈಸ್ಕೊಳ್ತಿದ್ದಾರೆ. ನಾನಾಗೇ ಬಿಟ್ಟೆ ಅಂತ ಹೇಳಿಬಿಡು. ಕಿವಿ ವಿಷಯ ಮಾತ್ರ ಬೇಡ."

ಸ್ಟುಡಿಯೊ ಆಗಲಿ ಎಂದು ತಲೆಯಾಡಿಸಿದ.

ಅಲ್ಲಿಂದ ಇಬ್ಬರೂ ನೇರ ಫಾದರ್ ಹತ್ತಿರ ಹೋದರು.

"ಟೀಚರೇ ಹೇಳಿದ್ರಾ? ಸದ್ಯ" ಎಂದು ಫಾದರ್ ಉಸಿರು ಬಿಟ್ಟರು.

"ನೀವು ಸಿಡುಕಿದ್ದಕ್ಕೇ ಜನ ಹೀಗೆಲ್ಲ ಮಾತಾಡಿದ್ದು, ಫಾದರ್" ಎಂದಳು ಅಕ್ಕ, ಯಾವ ಮುಲಾಜೂ ಇಲ್ಲದೆ.

"ಹೌದಮ್ಮ. ಅವರಾಗೇ ಬಿಟ್ಟರು ಅಂತ ನೆಟ್ಟಗೆ ಹೇಳಬಹುದಿತ್ತು. ಅದು ನನ್ನ ತಪ್ಪು. ಅದನ್ನೂ ಹಾಕಪ್ಪ."

ಸ್ಟುಡಿಯೊ ಹಳೆಯ ವಿಡಿಯೊ ಅಳಿಸಿ ಚಿಕ್ಕದೊಂದು ಮಾಡಿದ. "ಟೀಚರ್ ತಾವಾಗಿಯೇ ಬಿಟ್ಟಿದ್ದಾರೆ. ಕಾರಣ ಅವರ ಸ್ವಂತದ್ದು. ಜನರಿಗೆ ಸರಿಯಾಗಿ ತಿಳಿಸದಿದ್ದದ್ದು ತಮ್ಮ ತಪ್ಪು ಎಂದು ಫಾದರ್ ಹೇಳಿದ್ದಾರೆ." ಅಷ್ಟೇ. ನೋಡಿದವರು ಕಡಿಮೆ. ಹೆಂಡತಿ ಗೊಣಗಿದಳು.

ಮುಂದಿನ ಭಾನುವಾರ ಟೀಚರ್ ಪೂಜೆಗೆ ಬಂದರು. ಯಾರೂ ಏನೂ ಕೆದಕಲಿಲ್ಲ. ಬೆಂಚಿನಲ್ಲಿದ್ದವರು ಸರಿದು ಜಾಗ ಕೊಟ್ಟರು. ಹಾಡು ಶುರುವಾದಾಗ ಅವರು ಪಕ್ಕದವರ ತುಟಿ ನೋಡುತ್ತ ದನಿಗೂಡಿಸಿದರು.

"ಆ ವಿಡಿಯೊ ಹಾಕಿದ್ರೆ ಇವರು ಇಲ್ಲಿಗೆ ಕಾಲಿಡ್ತಿದ್ರಾ?" ಹೆಂಡತಿ ಮೆಲ್ಲಗೆ ಹೇಳಿದಳು. "ಅಳಿಸಿದ್ದು ಒಳ್ಳೇದಾಯ್ತು ರೀ."

ಚರ್ಚಿನ ಪತ್ರಿಕೆ, ರೇಡಿಯೊ, ಚಾನೆಲ್ ನಡೆಸುವವರೇ, ಫೋನಿನಲ್ಲಿ ಸುದ್ದಿ ಹಂಚುವವರೇ, ತಪ್ಪು ನಡೆದಿದ್ದರೆ ಧೈರ್ಯವಾಗಿ ಹೇಳಿ. ಯಾರ ಮುಲಾಜೂ ಬೇಡ. ಆದರೆ ಹೇಳುವ ಮೊದಲು ನೊಂದವರನ್ನೂ ಕೇಳಿ, ಆರೋಪ ಹೊತ್ತವರನ್ನೂ ಕೇಳಿ. ನಿಮ್ಮ ಸುದ್ದಿಯಲ್ಲಿರುವವರು ನಿಮ್ಮ ಪಕ್ಕದ ಬೆಂಚಿನಲ್ಲೇ ಕೂರುವವರು. ಅವರ ಮುಖ ನೋಡಿ ಹೇಳಬಹುದಾದದ್ದನ್ನೇ ಬರೆಯಿರಿ.