ಶಟರಿಗೆ ಬಿಟ್ಟ ಎಣ್ಣೆ

ಆ ಮನೆಯ ಸೊಸೆ ಬಟ್ಟೆ ಹೊಲಿಯುವವಳು. ಅವಳ ಕೈಗೆ ಬಂದ ಯಂತ್ರ ಯಾವುದೂ ಮುನಿಸಿಕೊಂಡು ಕೂತದ್ದಿಲ್ಲ. ಕಿರುಗುಟ್ಟಿದರೆ ಒಂದೆರಡು ಹನಿ ಎಣ್ಣೆ, ಅಷ್ಟೇ ಮದ್ದು. ಅದಕ್ಕೇ ಮಾವ ತಮ್ಮ ಹಳೆಯ ಮಡಿಸುವ ಕ್ಯಾಮೆರಾವನ್ನು ಅವಳಿಗೆ ಕೊಟ್ಟು, ಶಟರು ಯಾಕೋ ನಿಧಾನವಾಗಿದೆ, ಒಮ್ಮೆ ನೋಡು ಎಂದದ್ದು. ಹೆತ್ತ ಮಕ್ಕಳಿಗೂ ಮುಟ್ಟಗೊಡದ ವಸ್ತು ಅದು. ಊರವರ ಮುಖವನ್ನೆಲ್ಲ ಅದರಲ್ಲಿ ಹಿಡಿದೇ ಅವರು ಸಂಸಾರ ಸಾಕಿದ್ದು. ಭಾನುವಾರ ಮನೆಮಂದಿಯೆಲ್ಲ ಸೇರುವವರಿದ್ದರು. ಒಂದು ಫೋಟೋ ತೆಗೆಯುವ ಆಸೆ ಅವರಿಗೆ.

ಸೊಸೆ ತನಗೆ ಗೊತ್ತಿದ್ದ ಮದ್ದನ್ನೇ ಮಾಡಿದಳು. ಹೊಲಿಗೆ ಯಂತ್ರದ ಎಣ್ಣೆಯನ್ನು ಲೆನ್ಸಿನ ಪಕ್ಕದ ಸಂದಿಗೆ ಬಿಟ್ಟಳು. ಮೊದಲು ಶಟರು ನೀರು ಕುಡಿದಷ್ಟು ಸಲೀಸಾಗಿ ಓಡಿತು. ಮರುದಿನ ಬೆಳಿಗ್ಗೆ ನೋಡಿದರೆ ಬೆಳಕಿಗೆ ತೆರೆದು ಮುಚ್ಚುವ ಅದರ ತೆಳು ತಗಡಿನ ರೆಕ್ಕೆಗಳು ನಿದ್ದೆಗಣ್ಣಿನ ಹಾಗೆ ಅರ್ಧ ತೆರೆದು ನಿಂತಿದ್ದವು. ಕ್ಯಾಮೆರಾ ಒಂದೇ ಕೆಟ್ಟಿದ್ದರೆ ಬೇರೆ ಮಾತು. ಮಾವ ಇಟ್ಟ ನಂಬಿಕೆಯೂ ಅದರ ಜೊತೆಗೇ ಹೋಗುತ್ತದಲ್ಲ. ದಾರ ತರುತ್ತೇನೆಂದು ಹೇಳಿ, ಬಟ್ಟೆಯ ಗಂಟಿನಲ್ಲಿ ಅದನ್ನು ಬಚ್ಚಿಟ್ಟುಕೊಂಡು ಕ್ಯಾಮೆರಾ ರಿಪೇರಿಯ ಮುದುಕನ ಅಂಗಡಿಗೆ ನಡೆದಳು.

ಮುದುಕ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದ. "ಇದೇನಮ್ಮಾ, ಎಳೇ ಮಗು ತಲೆಗೆ ಎಣ್ಣೆ ತಿಕ್ಕಿದ ಹಾಗೆ ತಿಕ್ಕಿದ್ದೀಯಲ್ಲ."

"ಮಿಷನ್ನಿಗೆ ಹಾಕೋದೇ ಅಲ್ವಾ ಅಂತ..."

"ನಿನ್ನ ಮಿಷನ್ನಿಗೆ ಎಣ್ಣೆ ಅನ್ನ. ಈ ರೆಕ್ಕೆಗಳಿಗೆ ಅದೇ ಅಂಟು. ಇವು ಒಣಗಿಕೊಂಡೇ ಬದುಕಬೇಕು."

ಮುಂದಿನ ಗಾಜನ್ನು ಬಿಚ್ಚುವ ಮೊದಲು ಅದು ನಿಂತಿದ್ದ ಜಾಗಕ್ಕೆ ಪೆನ್ಸಿಲಿನಲ್ಲಿ ಗೀಟು ಎಳೆದುಕೊಂಡ. ಮತ್ತೆ ಕೂರಿಸುವಾಗ ಆಚೀಚೆಯಾದರೆ ಫೋಟೋದಲ್ಲಿ ಮುಖಗಳೆಲ್ಲ ಮಸುಕು ಎಂದ. ಹತ್ತಿಯನ್ನು ಲೈಟರಿನ ಪೆಟ್ರೋಲಿನಲ್ಲಿ ಅದ್ದಿ ರೆಕ್ಕೆಗಳನ್ನು ಒರೆಸಿ, ಒತ್ತಿದ. ಟಕ್ಕನೆ ತೆರೆದು ಮುಚ್ಚಿತು. ಸೊಸೆ ನಿಟ್ಟುಸಿರು ಬಿಟ್ಟಳು.

ಅಷ್ಟಕ್ಕೇ ಹಿಗ್ಗಬೇಡ, ಒದ್ದೆ ಇರುವಾಗ ಎಲ್ಲವೂ ಓಡುತ್ತವೆ, ಒಣಗಿದ ಮೇಲೆಯೇ ಬಂಡವಾಳ ಬಯಲಾಗುವುದು ಎಂದ ಮುದುಕ. ಹಾಗೆಯೇ ಆಯಿತು. ಪೆಟ್ರೋಲು ಆರುತ್ತಲೇ ರೆಕ್ಕೆಗಳು ಮತ್ತೆ ಹಟ ಹಿಡಿದವು. ಮತ್ತೆ ಒರೆಸಿದ, ಮತ್ತೆ ಆರಲು ಬಿಟ್ಟ. ಹತ್ತಿ ಬಿಳಿಯಾಗಿಯೇ ಈಚೆ ಬರುವ ತನಕ ಬಿಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಶಟರಿನ ವೇಗವನ್ನು ಒಂದು ಸೆಕೆಂಡಿಗೆ ತಿರುಗಿಸಿ ಒತ್ತಿದರೆ, ಒಳಗಿನ ಹಲ್ಲುಚಕ್ರ ಜೀರುಂಡೆಯಂತೆ ಹಾಡಿ, ಸರಿಯಾದ ಹೊತ್ತಿಗೆ ನಿಂತಿತು.

ಧೂಳು ಕೂತಿತ್ತು ಅಂತ ಹೇಳಿಬಿಡು, ನಿನ್ನ ಮಾವ ಕೇಳಿದರೆ ನಾನೂ ಹಾಗೇ ಅನ್ನುತ್ತೇನೆ ಎಂದು ಮುದುಕ ಧೈರ್ಯ ಕೊಟ್ಟು ಕಳಿಸಿದ. ದಾರಿಯುದ್ದಕ್ಕೂ ಅವಳು ಆ ಮಾತನ್ನೇ ಬಾಯಿಪಾಠ ಮಾಡಿದಳು.

ಮನೆಯಲ್ಲಿ ಮಾವ ಕ್ಯಾಮೆರಾ ಇಸಿದುಕೊಂಡು, ಕಿವಿಯ ಹತ್ತಿರ ಹಿಡಿದು ಒತ್ತಿದರು. ಅವರ ಮುಖ ಅರಳಿತು. "ನಾನು ಹೇಳಲಿಲ್ವಾ? ನಿನ್ನ ಕೈಗುಣವೇ ಅಂಥಾದ್ದು."

ಬೈದಿದ್ದರೆ ಧೂಳಿನ ಸುಳ್ಳು ಹೇಳಿ ಪಾರಾಗುತ್ತಿದ್ದಳೋ ಏನೋ. ಹೊಗಳಿಕೆಯನ್ನು ಮಾತ್ರ ನುಂಗಲಾಗಲಿಲ್ಲ.

"ನನ್ನ ಕೈಗುಣ ಅಲ್ಲ ಮಾವ. ನಾನು ಎಣ್ಣೆ ಬಿಟ್ಟು ಕೆಡಿಸಿದ್ದೆ. ಸರಿ ಮಾಡಿದ್ದು ರಿಪೇರಿಯವರು."

ಮಾವ ಕ್ಯಾಮೆರಾ ಮಡಿಸಿದರು, ಮತ್ತೆ ಬಿಡಿಸಿದರು. ಇನ್ನು ಅದು ಪೆಟ್ಟಿಗೆ ಸೇರಿ ಬೀಗ ಬೀಳುತ್ತದೆ ಎಂದುಕೊಂಡು ಅವಳು ತಲೆ ತಗ್ಗಿಸಿ ನಿಂತಳು.

"ನೋಡು ಅಂತ ಕೊಟ್ಟೋನು ನಾನು," ಎಂದರು ಕೊನೆಗೆ. "ಹೇಗೆ ನೋಡಬೇಕು ಅಂತ ಹೇಳಿಕೊಡದೇ ಇದ್ದೋನೂ ನಾನೇ. ಬಾ ಇಲ್ಲಿ."

ಅವಳ ಬೆರಳನ್ನು ಶಟರಿನ ಪುಟ್ಟ ಹಿಡಿಯ ಮೇಲಿಟ್ಟರು. ಮೊದಲು ಸ್ಪ್ರಿಂಗು ಬಿಗಿ ಮಾಡು, ಆಮೇಲೆ ಒತ್ತು. ಬಿಗಿ ಮಾಡಿದ ಮೇಲೆ ವೇಗ ಬದಲಿಸಬೇಡ, ಒಳಗೆ ನೋವಾಗುತ್ತದೆ ಎಂದರು. ಅವಳ ಮೊಣಕೈ ಅಲ್ಲಾಡದಂತೆ ಪಕ್ಕೆಗೆ ಸೇರಿಸಿದರು.

"ಭಾನುವಾರ ನೀನೇ ತೆಗೀಬೇಕು. ಇಷ್ಟು ವರ್ಷದಲ್ಲಿ ಮನೇ ಫೋಟೋ ಒಂದರಲ್ಲೂ ನಾನಿಲ್ಲ."

ಅಭ್ಯಾಸ ಆಗಲಿ ಎಂದು ಎದುರಿನ ಕುರ್ಚಿಯಲ್ಲಿ ಹೋಗಿ ಕೂತರು. ಊರವರನ್ನೆಲ್ಲ ಹಾಗೆ ಕೂರು, ಹೀಗೆ ಕೂರು ಎಂದು ಕೂರಿಸಿದ್ದ ಮಾವನಿಗೆ ತಮ್ಮ ಎರಡು ಕೈಗಳನ್ನು ಎಲ್ಲಿಡಬೇಕೆಂದು ತೋಚಲೇ ಇಲ್ಲ.