ಉಚ್ಚಂಗೆಮ್ಮನ ಹುಲ್ಲುಹೊಲಕ್ಕೆ ಸುಣ್ಣ

ಸಂಡೂರು ತಾಲ್ಲೂಕಿನ ಬಂಡ್ರಿ ಹತ್ತಿರ, ಗುಡ್ಡದ ಬುಡದಲ್ಲಿ ಉಚ್ಚಂಗೆಮ್ಮನ ಹುಲ್ಲುಹೊಲ. ಮೊದಲು ಮೊಣಕಾಲು ಮುಚ್ಚುವ ಹಾಗೆ ಬೆಳೆಯುತ್ತಿದ್ದ ಹುಲ್ಲು ಈಗ ಹಳದಿಯಾಗಿ, ಅಲ್ಲಲ್ಲಿ ಬರೀ ನೆಲ ಕಾಣುತ್ತಿತ್ತು. ಗಂಡ ಓಬಳಪ್ಪ ಯೂರಿಯಾ ಹಾಕಿದ, ಮತ್ತೆ ಹಾಕಿದ. ಹಸಿರಾಗಲಿಲ್ಲ.

"ಮುಂದಿನ ಸಂತಿಗೆ ಗೌರಿನ ಕೊಟ್ಟುಬಿಡಾಣ. ಮೇವಿಲ್ಲದ ಆಕಳು ಕಟ್ಕೊಂಡು ಏನ್ ಮಾಡ್ತಿ?" ಅಂದ.

ಉಚ್ಚಂಗೆಮ್ಮ ಎದ್ದು ಹೋಗಿ ಗೌರಿಯ ಕತ್ತು ಸವರಿದಳು. ತಾಯಿ ಸತ್ತ ಕರುವಾಗಿದ್ದ ಗೌರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಅವಳೇ.

ರೈತರಿಗೆ ಸಲಹೆ ಕೊಡುವ ಊರಿನ ಕೃಷಿ ಸಖಿ ಅಂಜಲಿ ಬಂದು ಒಂದು ಹುಲ್ಲಿನ ಬುಡ ಕಿತ್ತು ತೋರಿಸಿದಳು. "ಬೇರು ನೋಡ್ರಿ ಕಾಕಾ, ಎಷ್ಟು ಗಿಡ್ಡ ಆಗ್ಯಾವ. ಮಣ್ಣು ಹುಳಿ ಆಗಿರಬೇಕು."

"ಹುಲ್ಲು ಒಣಗಿದ್ದು ಗಣಿ ಅದಿರಿನ ಲಾರಿ ಧೂಳಿಗವ್ವ," ಅಂದ ಓಬಳಪ್ಪ.

"ಧೂಳು ಎಲಿ ಮ್ಯಾಲ ಕುಂದ್ರತೈತಿ, ಬೇರು ಕತ್ತರಸ್ತೈತೇನ್ರಿ? ವರ್ಷ ವರ್ಷ ಬರೀ ಯೂರಿಯಾ ಹಾಕಿದ್ರೂ ಮಣ್ಣು ಹುಳಿ ಆಗ್ತೈತಿ. ಪರೀಕ್ಷೆ ಮಾಡಿಸೋಣ."

ಪರೀಕ್ಷೆಯ ವರದಿಯೂ ಹಾಗೇ ಹೇಳಿತು: ಮಣ್ಣು ಹುಳಿ, ಸುಣ್ಣ ಬೇಕು.

"ಸುಣ್ಣ ಮಾತ್ರ ಬ್ಯಾಡ!" ಓಬಳಪ್ಪ ಎದ್ದೇ ನಿಂತ.

ಉಚ್ಚಂಗೆಮ್ಮ ನಕ್ಕಳು. "ದೀಪಾವಳಿಗೆ ಗೋಡಿಗೆ ಬಳಿದು ಉಳಿದ ಸುಣ್ಣಾನ ಇವ್ರು ಹುಲ್ಲಿಗೆ ಸುರುವಿದ್ರವ್ವ. ಹುಲ್ಲಿಗೂ ಹಬ್ಬ ಮಾಡ್ಸಿದ್ರು! ಎಲ್ಲಾ ಸುಟ್ಟೋತು."

"ಅದು ಸುಟ್ಟ ಸುಣ್ಣರಿ, ಉರಿತೈತಿ. ಕೃಷಿ ಸುಣ್ಣ ಅಂದ್ರ ಸುಣ್ಣದ ಕಲ್ಲು ಸುಡದೆ ಹಿಟ್ಟಿನಂಗ ಪುಡಿ ಮಾಡಿದ್ದು. ಹೊಲ ಕುಂಟಿ ಹೊಡೆದು ಹರಗೋದು ಬ್ಯಾಡ. ಹುಲ್ಲು ಕೊಯ್ದು, ಮಳಿಗಿಂತ ಮುಂಚೆ, ವರದಿಯಾಗ ಹೇಳಿದಷ್ಟೇ ತೆಳ್ಳಗೆ ಎರಚ್ರಿ. ಯೂರಿಯಾ ಜೊತಿ ಕಲಸಬ್ಯಾಡ್ರಿ. ಮಳಿ ಬಂದು ಎಲಿ ತೊಳಿಯೋತನಕ ಗೌರಿನ ಹೊಲಕ್ಕ ಬಿಡಬ್ಯಾಡ್ರಿ."

"ಜಲ್ದಿ ಹಸಿರಾಗ್ತೈತೇನು?" ಓಬಳಪ್ಪ ಕೇಳಿದ.

"ಇಲ್ರಿ. ಮ್ಯಾಲ ಹಾಕಿದ್ದು ನಿಧಾನಕ್ಕ ಕೆಳಗ ಇಳಿಬೇಕು. ಒಂದು ಮಳಿಗಾಲನಾದ್ರೂ ತಡೀಬೇಕು."

"ಅಲ್ಲಿತನಕ ಮೇವು?"

"ನಮ್ಮ ತವರಿಂದ ಜೋಳದ ಸೊಪ್ಪಿ ತರಿಸ್ತೀನಿ. ಸಂತಿ ಮಾತು ಮಾತ್ರ ಎತ್ತಬ್ಯಾಡ್ರಿ," ಅಂದಳು ಉಚ್ಚಂಗೆಮ್ಮ.

ಓಬಳಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡ. "ತವರಿಗ್ಯಾಕ ಹೇಳ್ತಿ? ಸೊಪ್ಪಿ ನಾನ ತರ್ತೀನಿ."

ಹುಲ್ಲು ಕೊಯ್ದು, ಅಂಜಲಿ ಹೇಳಿದ ಹಾಗೆ ಕೃಷಿ ಸುಣ್ಣ ಎರಚಿದರು. ಮಳೆಗಾಲ ಮುಗಿಯುವಾಗ ಬರೀ ನೆಲವಿದ್ದಲ್ಲಿ ಚಿಗುರು ಕಂಡಿತು. ಎಲ್ಲ ಕಡೆ ಅಲ್ಲ, ಆದರೂ ಕಂಡಿತು. ಮೊದಲ ಹುಲ್ಲಿನ ಹೊರೆಯನ್ನು ಓಬಳಪ್ಪ ಹೆಂಡತಿಗೆ ಹೊರಿಸಲಿಲ್ಲ. ತಾನೇ ಹೊತ್ತು ತಂದು ಆಕಳ ಮುಂದೆ ಹಾಕಿ, "ತಿನ್ನವ್ವ," ಅಂದ.

ನಿಮ್ಮ ಹುಲ್ಲುಹೊಲವೂ ಸೊರಗಿದೆಯೇ? ದಯವಿಟ್ಟು ಇದನ್ನು ಓದಿದ ಕೂಡಲೇ ಸುಣ್ಣ ತಂದು ಎರಚಬೇಡಿ. ಎಲ್ಲ ಮಣ್ಣಿಗೂ ಸುಣ್ಣ ಬೇಕಿಲ್ಲ. ಕಪ್ಪು ಮಣ್ಣಿಗೆ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಮೊದಲು ಹೊಲದ ಹಲವು ಕಡೆಯ ಮಣ್ಣನ್ನು ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ಪರೀಕ್ಷೆಗೆ ಕೊಡಿ. ಆಕಳನ್ನು ಸಂತೆಗೆ ಹೊಡೆದುಕೊಂಡು ಹೋಗುವ ಮುಂಚೆ ಇಷ್ಟು ಮಾಡಿ.