ಕಾರ್ಬುರೇಟರಿನ ಬಾಯಿ

ತೀರಿಹೋದ ಅಪ್ಪನ ಬೈಕಿನ ಗುಡುಗನ್ನು ಮತ್ತೊಮ್ಮೆ ಕೇಳಬೇಕೆಂಬುದೊಂದೇ ಬಾಲರಾಜನ ಆಸೆ. ಎಂಜಿನ್ನಿಗೆ ಕನ್ನಡಿಯಂಥ ಹೊಳಪು ಕೊಡಿಸಿ, ದೊಡ್ಡ ಕಾರ್ಬುರೇಟರ್ ಹಾಕಿಸಿದ.

“ಬಾಯಿ ದೊಡ್ಡದಾಗಿದೆ ಗುರು, ಗಾಳಿ ಚೆನ್ನಾಗಿ ಎಳೆಯುತ್ತೆ” ಎಂದ ಮೆಕ್ಯಾನಿಕ್ ಉಮೇಶ. ತಾಯಿ ದ್ರೌಪದಮ್ಮ ಕೇಳಿಸಿಕೊಂಡರು.

ಆಯುಧಪೂಜೆ ಮುಗಿದ ಮೇಲೆ ಕೊಡಿಗೇಹಳ್ಳಿಯ ಆ ಬೀದಿಯವರೆಲ್ಲ ನೆರೆದರು. ಬಾಲರಾಜ ಕಿಕ್ಕರ್ ಒದ್ದ. ಸದ್ದಿಲ್ಲ. ಬಗ್ಗಿ ನೋಡಿದರೆ ಕಾರ್ಬುರೇಟರಿನ ತುಂಬ ಸಿಹಿ ಪೊಂಗಲ್.

“ಏನಮ್ಮಾ ಇದು?”

“ಬಾಯಿ ಐತೆ ಅಂದ್ರಲ್ಲಪ್ಪಾ. ಬರೀ ಎಡೆ ಇಟ್ಟು ಸುಮ್ನಾಗಕ್ಕಾಯ್ತದಾ? ತಿನ್ನಿಸ್ದೆ.”

“ಸ್ಟಾರ್ಟೇ ಆಗ್ತಿಲ್ಲ!”

“ಮೆಲ್ಲಗೆ ಮಾತಾಡೋ. ಒಟ್ಟೆ ತುಂಬಾ ಉಂಡು ಮಲಗವ್ರೆ ನಿಮ್ಮಪ್ಪ.”

ನೆರೆದವರು ದನಿ ತಗ್ಗಿಸಿದರು. ಉಂಡು ಮಲಗಿದ ಅಪ್ಪನನ್ನು ಎಬ್ಬಿಸುವ ಧೈರ್ಯ ಬಾಲರಾಜನಿಗೆ ಎಂದೂ ಇದ್ದದ್ದಿಲ್ಲ. ಚಪ್ಪಲಿ ಕೈಗೆತ್ತಿಕೊಂಡು ತುದಿಗಾಲಲ್ಲಿ ಒಳಗೆ ಹೋದ.